ಗೆರೆಯ ಆಚೆ ನಿಂತವರು

ಇವತ್ತು ಬೆಳಿಗ್ಗೆ ಎಳ್ಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸುತ್ತಿದ್ದೆ. ಪಕ್ಕದ ಮನೆಯಾಕೆ ಕಿಟಕಿಯಿಂದಲೇ, "ಭಾಳ ಘಮ ಅನ್ನಾಕತ್ತೈತಿ, ಏನ್ ಪಲ್ಯರಿ?" ಅಂದಳು. "ಮೊಣಕಾಲಿನ ಪಲ್ಯರಿ" ಅಂದೆ.

ನಮ್ಮನೆಯವರ ಆ ಮೊಣಕಾಲಿಗೆ ಒಂದು ಕಾಲಕ್ಕೆ ಕೊಪ್ಪಳದಲ್ಲಿ ಹೆಸರಿತ್ತು. ಮದುವೆಯಾಗಿ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಬಂದ ಹೊಸತರಲ್ಲಿ ನನಗೆ ಇವರಾಡುವ ಫುಟ್‌ಬಾಲ್ ತಿಳಿಯದು. ಕಾಲಿಂದ ಒದೆಯುವ ಚೆಂಡನ್ನು ಆಯುಧಪೂಜೆಗೆ ಇಡಬಹುದೋ ಇಲ್ಲವೋ ಅನ್ನುವುದೇ ಚಿಂತೆ. "ಅದರಿಂದ ಊಟ ಸಿಗತಿದ್ರ ಕುಂಕುಮ ಹಚ್ಚವಾ" ಎಂದರು ಅತ್ತೆ. ಊಟ ಸಿಗುತ್ತಿರಲಿಲ್ಲ. ಆದರೂ ಹಚ್ಚಿದೆ.

ಕುಷ್ಟಗಿಯ ಪಂದ್ಯವೊಂದರಲ್ಲಿ ಕಾಲು ತಿರುಚಿ ಆಪರೇಶನ್ ಆಯಿತು. "ಇನ್ನ ಆಡಬ್ಯಾಡ್ರಿ, ಮತ್ತ ಪೆಟ್ಟಾದ್ರ ಕೋಲೇ ಗತಿ" ಎಂದರು ಡಾಕ್ಟರು. ನಡೆಯುವ ಕಾಲು ಉಳಿಯಿತಲ್ಲ ಎಂದು ಶಿವನಿಗೆ ಕೈಮುಗಿದೆ. ಶಾಲೆಯೊಂದರವರು ಹುಡುಗಿಯರ ತಂಡಕ್ಕೆ ಕೋಚ್ ಆಗಿ ಕರೆದದ್ದು ಇನ್ನೊಂದು ಪುಣ್ಯ.

ಕೋಚ್ ಆದರೂ ಒಳಗಿನ ಆಟಗಾರ ಸುಮ್ಮನೆ ಕೂಡಲಿಲ್ಲ. ಕಲಿಸಲು ಹೋಗಿ ತಾವೇ ಚೆಂಡು ಕಸಿದು ಓಡುವರು. ಸಂಜೆ ಕುಂಟುತ್ತ ಬಂದು, "ಇವತ್ತ ಮೂರು ಗೋಲ್ ಹೊಡದೆ" ಎನ್ನುವರು.

"ಯಾರ ಮ್ಯಾಲ್ರಿ?"

"ನಮ್ಮ ಹುಡುಗ್ಯಾರ ಮ್ಯಾಲೆ."

ಒಂದು ದಿನ ತಂಡದ ನಾಯಕಿ ರೇಣುಕಾ ಮನೆಗೇ ಬಂದಳು. "ಆಂಟಿ, ಸರ್ ನಮಗ ಚೆಂಡ ಕೊಡವಲ್ರು ನೋಡ್ರಿ. ನಾವೆಲ್ಲಾರೂ ಕಬಡ್ಡಿಗೆ ಹೋಗ್ತೀವಿ." ಹುಡುಗಿಯರು ಹೋದರೆ ಇವರ ಕೆಲಸವೂ ಹೋಯಿತು. ಹೋಗದಿದ್ದರೆ ಕಾಲು ಹೋಯಿತು. ಇವರಿಗೆ ಹೇಳಿದೆ, ಕೇಳಲಿಲ್ಲ. ದೇವರಿಗೆ ಹೇಳಿದೆ.

ಶ್ರಾವಣದ ಸೋಮವಾರ ಗುಡಿಯಿಂದ ಹುಗ್ಗಿಯ ಬೋಗುಣಿ ಹೊತ್ತು ಮೈದಾನಕ್ಕೆ ಹೋದೆ, ಹುಡುಗಿಯರಿಗೆ ಪ್ರಸಾದವೆಂದು. "ಬೂಟು ಕಳದು ಹಿಡೀರಿ" ಎಂದು ಇವರ ಕೈಗೆ ಕೊಟ್ಟ ಮೇಲೆ ಹಂಚಲು ಎಲೆ ಮರೆತದ್ದು ನೆನಪಾಗಿ ಮನೆಗೆ ತಿರುಗಿದೆ. ಮೈದಾನದ ತುಂಬ ಕಾಲಿಗೆ ಚುಚ್ಚುವ ಗರಸುಕಲ್ಲು, ಕೂಡಲು ಒಂದು ಕಟ್ಟೆಯಿಲ್ಲ. ಪ್ರಸಾದವನ್ನು ನೆಲಕ್ಕಿಡುವಂತಿಲ್ಲ. ದಾರಿಯಲ್ಲಿ ಪರಿಚಯದವರು ಸಿಕ್ಕರು. ನನ್ನ ಬಾಯಿ ಎಂಥದೆಂದು ನಿಮಗೆ ಇಷ್ಟೊತ್ತಿಗೆ ಗೊತ್ತಾಗಿರಬೇಕು. ನಾನು ಬರುವಷ್ಟರಲ್ಲಿ ಆಟ ಮುಗಿಯಲು ಬಂದಿತ್ತು. ಇವರು ಗೆರೆಯ ಆಚೆ, ಬರಿಗಾಲಲ್ಲಿ, ಎರಡೂ ಕೈಯಲ್ಲಿ ಬೋಗುಣಿ ಹಿಡಿದು ನಿಂತಿದ್ದರು.

ಬೈಸಿಕೊಳ್ಳಲು ತಯಾರಾಗಿ ಹತ್ತಿರ ಹೋದೆ. "ತಡಿ" ಎಂದರು, ನನ್ನ ಕಡೆ ನೋಡದೆ. "ರೇಣುಕಾ ಎಡಗಾಲಿಂದ ಎಷ್ಟ ಛಲೋ ಹೊಡಿತಾಳ ನೋಡು. ಇಷ್ಟ ದಿನ ನಾ ನೋಡೇ ಇರಲಿಲ್ಲ."

ಬೋಗುಣಿ ತೆಗೆದುಕೊಂಡೆ. ಆಮೇಲೂ ಅಲ್ಲೇ ನಿಂತರು.

ಮರುದಿನಕ್ಕೇ ಬದಲಾದರೆಂದರೆ ಸುಳ್ಳಾದೀತು. ನಿಧಾನಕ್ಕೆ ಆದರು. ರೇಣುಕಾ ಈಗ ಗಂಗಾವತಿಯಲ್ಲಿ ಟೀಚರ್. ತಂಡದಲ್ಲಿ ಹೊಸ ಹುಡುಗಿಯರು. ನಿನ್ನೆ ಕುಕನೂರಿನಲ್ಲಿ ಗೆದ್ದು ಬಂದರು. ಯಾರು ಯಾರಿಗೆ ಚೆಂಡು ಕೊಟ್ಟರು, ಯಾರು ಹೊಡೆದರು ಎಂದು ಇವರು ಒಬ್ಬೊಬ್ಬಳ ಹೆಸರು ಹಿಡಿದು ಹೇಳುತ್ತ ಕೂತರು. ಸಾರು ಆರಿತು. ನಾನು ಮತ್ತೆ ಬಿಸಿಗಿಟ್ಟೆ.