ಮಾವ ಕತ್ತರಿಸಿದ ವಾಷರ್‌ಗಳು

ನಮ್ಮ ಲಾರಿಗೆ ಡೀಸೆಲ್ ಹೊಯ್ಯಲು ಇಬ್ಬರು ಬೇಕಿತ್ತು. ಒಬ್ಬರು ಕ್ಯಾನನ್ನು ಎತ್ತಿ ತೊಡೆಗೆ ಒರಗಿಸಿಕೊಂಡು ನಿಧಾನವಾಗಿ ಬಗ್ಗಿಸಬೇಕು. ಇನ್ನೊಬ್ಬರು ಟ್ಯಾಂಕಿನ ಬಾಯಿಗೆ ಆಲಿಕೆ ಇಟ್ಟು, ಅದರ ಮೇಲೆ ತೆಳುಬಟ್ಟೆ ಹಾಸಿ, ಎರಡನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಬ್ಬರೇ ಮಾಡುತ್ತೇನೆಂದು ಹೊರಟರೆ ಅರ್ಧ ಡೀಸೆಲ್ ಅಂಗಳದ ಪಾಲು. ಪುತ್ತೂರು ಪೇಟೆಯಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಕಡಬದ ಈ ಒಳದಾರಿಯ ಮನೆಗೆ ಬಂದಾಗ, ಆಲಿಕೆ ಹಿಡಿಯುವ ಕೆಲಸ ಯಾರೂ ಹೇಳದೆಯೇ ನನ್ನ ಪಾಲಿಗೆ ಬಂತು.

ಲಾರಿ ನನ್ನ ಗಂಡನದು. ಓಡಿಸುವವರೂ ಅವರೇ. ನಮ್ಮ ಕಡೆ ಮುದಿಯಾದ ರಬ್ಬರು ಮರಗಳನ್ನು ಕಡಿದಾಗ, ಆ ಮರ ಕೇರಳದ ಪ್ಲೈವುಡ್ ಫ್ಯಾಕ್ಟರಿಗಳಿಗೆ ಹೋಗುತ್ತದೆ. ಲೋಡು ಹೊತ್ತ ಲಾರಿಯನ್ನು ಪೆಟ್ರೋಲ್ ಪಂಪಿನೊಳಗೆ ತಿರುಗಿಸುವುದು ದೊಡ್ಡ ರಗಳೆ. ಹಿಂದೆ ಚಾಚಿಕೊಂಡ ಮರದ ತುದಿ ಎಲ್ಲಿಗೆ ತಾಗುತ್ತದೆಂದು ಹೇಳುವಂತಿಲ್ಲ. ಜಾಲ್ಸೂರು ದಾಟಿ ಕೇರಳಕ್ಕೆ ಹೋದರೆ ಡೀಸೆಲ್ ತುಟ್ಟಿ. ಹಾಗಾಗಿ ಹಳ್ಳಿಗೆ ಬರುವ ಜೀಪಿನವರು ಕಡಬದಿಂದ ನಮಗೆ ಎರಡು ಕ್ಯಾನು ಡೀಸೆಲ್ ತಂದು ಅಂಗಳದಲ್ಲಿ ಇಳಿಸುತ್ತಿದ್ದರು. ಒಂದು ಹೊರಡುವ ಮೊದಲು ಟ್ಯಾಂಕಿಗೆ. ಇನ್ನೊಂದನ್ನು ಕ್ಯಾಬಿನ್ನಿನ ಹಿಂದೆ ಹಗ್ಗದಿಂದ ಬಿಗಿದು ಕಟ್ಟುವುದು, ಬರುವ ದಾರಿಗೆ.

ಈ ಲಾರಿಯನ್ನು ಕಂಡರೆ ಮಾವನಿಗೆ ಆಗುತ್ತಿರಲಿಲ್ಲ. ಅವರು ರಬ್ಬರು ಹಾಕಿ, ತೊಗಟೆ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮಾಡಿ, ಹೆಪ್ಪುಗಟ್ಟಿದ ಹಾಲನ್ನು ಶೀಟು ಮಾಡಿ ಹೊಗೆ ಹಾಕಿ ಒಣಗಿಸಿ ಬದುಕಿದವರು. ಮಗನೂ ಅದನ್ನೇ ಮಾಡಲಿ ಎಂದಿದ್ದರು. ಮಗ ಮಾಡಿದ್ದು, ಕಡಿದ ಮರವನ್ನು ಸಾಗಿಸುವ ಲಾರಿ ತಂದದ್ದು. "ನಾನು ಮರ ನೆಟ್ಟವ, ಇವ ಹೊತ್ತುಕೊಂಡು ಹೋಗುವವ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಜಗಳ ಆಗಿರಲಿಲ್ಲ. ಜಗಳ ಆಗಿದ್ದರೆ ಒಂದು ದಿನ ಮುಗಿಯುತ್ತಿತ್ತು. ಇಬ್ಬರೂ ಮಾತನ್ನೇ ಬಿಟ್ಟುಬಿಟ್ಟಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ನಡುವೆ ಉಳಿದವಳು ನಾನೊಬ್ಬಳೇ. ಒಂದೇ ಜಗಲಿಯಲ್ಲಿ ಕುಳಿತು, ಒಬ್ಬರು "ನಾಳೆ ಜೀಪು ಬರುದಿಲ್ಲ ಅಂತ ಅವನಿಗೆ ಹೇಳು" ಅನ್ನುವುದು, ಇನ್ನೊಬ್ಬರು "ಗೊತ್ತುಂಟು ಅಂತ ಹೇಳು" ಅನ್ನುವುದು. ಗಂಡಸರ ಮೌನಕ್ಕೆ ಘನತೆ ಉಂಟು ಎಂದು ಹೇಳುವವರನ್ನು ನಮ್ಮ ಜಗಲಿಯಲ್ಲಿ ಒಂದು ವಾರ ಕೂರಿಸಬೇಕಿತ್ತು.

ನಾನು ಬಸುರಿಯಾದೆ. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆಯೊಳಗಿನದ್ದೆಲ್ಲ ಬಾಯಿಗೆ ಬರುತ್ತಿತ್ತು. ಒಂದು ದಿನ ಆಲಿಕೆಯನ್ನು ಅಲ್ಲಿಯೇ ಬಿಟ್ಟು ಬಚ್ಚಲಿಗೆ ಓಡಿದೆ. ಮುಖ ತೊಳೆದು ತಿರುಗಿ ಬಂದು ನೋಡಿದರೆ, ನಾನು ನಿಂತಿದ್ದ ಜಾಗದಲ್ಲಿ ಮಾವ ನಿಂತಿದ್ದರು. ಪಂಚೆ ಮೇಲೆ ಕಟ್ಟಿ, ಹೆಗಲಿನ ಬೈರಾಸನ್ನು ತಲೆಗೆ ಸುತ್ತಿ, ಆಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ನನ್ನ ಗಂಡ ಅವರ ಮುಖ ನೋಡದೆ ಕ್ಯಾನು ಬಗ್ಗಿಸುತ್ತಿದ್ದರು.

ಡೀಸೆಲ್ ಹೊಯ್ಯುವಾಗ ಮಾತಾಡದೆ ಆಗುವುದಿಲ್ಲ. "ಮೆಲ್ಲ." "ಸಾಕು." "ಇನ್ನು ಸ್ವಲ್ಪ." "ಬಟ್ಟೆ ಜಾರ್ತಾ ಉಂಟು." ಅವರ ಮಾತು ಶುರುವಾದದ್ದು ಹೀಗೆ. ನಾನು ಅಡುಗೆಮನೆಯ ಕಿಟಕಿಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳುತ್ತಿದ್ದೆ. ಒಂದೆರಡು ಟ್ರಿಪ್ಪು ಕಳೆಯುವಷ್ಟರಲ್ಲಿ ಕ್ಯಾನು ಖಾಲಿಯಾದ ಮೇಲೂ ಇಬ್ಬರೂ ಅಲ್ಲಿಯೇ ನಿಲ್ಲುತ್ತಿದ್ದರು. ದಾರಿ ಹೇಗುಂಟು, ಟಯರ್ ಎಷ್ಟು ಸವೆಯಿತು, ಯಾರ ತೋಟ ಕಡಿಯುತ್ತಾರಂತೆ, ಹೀಗೆ. ದೊಡ್ಡ ವಿಷಯವೇನೂ ಅಲ್ಲ. ಆದರೂ ನನಗೆ ಅಂದಿನ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಮರೆತುಹೋಗುವಷ್ಟು ಖುಷಿ. ಮಗು ಹುಟ್ಟಿದ ಮೇಲೆಯೂ ಆ ವಾಸನೆ ಆಗುವುದಿಲ್ಲವೆಂದು ಸುಳ್ಳು ಹೇಳಿ ನಾನು ಆಲಿಕೆಯ ಹತ್ತಿರ ಹೋಗಲಿಲ್ಲ. ಈ ಸುಳ್ಳಿಗೆ ನನಗೆ ಈಗಲೂ ಬೇಸರವಿಲ್ಲ.

ಕ್ಯಾಬಿನ್ನಿನ ಹಿಂದೆ ಕಟ್ಟುವ ಕ್ಯಾನಿನ ಮುಚ್ಚಳ ಸೋರುತ್ತಿತ್ತು. ದಾರಿಯ ಕುಲುಕಾಟಕ್ಕೆ ಡೀಸೆಲ್ ಹನಿಹನಿಯಾಗಿ ಇಳಿದು ಟರ್ಪಾಲು ಪೂರ ಜಿಡ್ಡು. ಒಳಗಿನ ವಾಷರ್ ಹೋಗಿದೆ, ಸುಳ್ಯದಲ್ಲಿ ಹೊಸತು ತೆಗೆದುಕೊಳ್ಳಬೇಕು ಎಂದು ನನ್ನ ಗಂಡ ಹೇಳಿದರು. ಮಾವ ಎದ್ದು ಶೀಟು ಒಣಗಿಸುವ ಹೊಗೆಮನೆಗೆ ಹೋದರು. ಬರುವಾಗ ಕೈಯಲ್ಲಿ ರಬ್ಬರು ಶೀಟಿನ ತುಂಡೊಂದಿತ್ತು, ಅವರ ಶೀಟುಗಳಲ್ಲೇ ಒಳ್ಳೆಯದು, ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಮುಚ್ಚಳವನ್ನು ಅದರ ಮೇಲಿಟ್ಟು ಪೆನ್ನಿನಲ್ಲಿ ಸುತ್ತ ಗೆರೆ ಎಳೆದು, ಕತ್ತರಿಯಿಂದ ನಡುವೆ ತೂತು ಬಿಟ್ಟು ಬಳೆಯ ಹಾಗೆ ಕತ್ತರಿಸಿ, ಒಳಗೆ ಕೂರಿಸಿ ತಿರುಪಿದರು. ಕ್ಯಾನನ್ನು ತಲೆಕೆಳಗೆ ಮಾಡಿ ಹಿಡಿದರು. ಒಂದು ಹನಿಯೂ ಬೀಳಲಿಲ್ಲ.

"ಪೇಟೆಯ ವಾಷರ್ ಎಷ್ಟು ದಿನ ಬರ್ತದೆ? ಇದು ನಮ್ಮದು" ಎಂದರು.

ಆ 'ನಮ್ಮದು' ಎಂಬುದರಲ್ಲಿ ಲಾರಿಯೂ ಸೇರಿತ್ತೆಂದು ನಾನು ಅಂದುಕೊಂಡೆ. ನನ್ನ ಗಂಡನೂ ಹಾಗೆಯೇ ಅಂದುಕೊಂಡಿರಬೇಕು, ಆ ದಿನ ಊಟಕ್ಕೆ ಕುಳಿತಾಗ ಅಪ್ಪನ ಬಾಳೆಲೆಗೆ ಅವರೇ ಸಾರು ಬಡಿಸಿದರು.

ಆಮೇಲಿನ ಕೆಲವು ಟ್ರಿಪ್ಪು ಸಲೀಸಾಗಿ ಹೋದವು. ಮತ್ತೊಂದು ಟ್ರಿಪ್ಪಿನಲ್ಲಿ, ಕೇರಳದಿಂದ ಖಾಲಿ ಲಾರಿ ತರುವಾಗ, ನನ್ನ ಗಂಡ ದಾರಿಯಲ್ಲಿ ಚಹದಂಗಡಿಯವರಿಂದ ಆಲಿಕೆ ಹಿಡಿಸಿ ಕ್ಯಾನಿನ ಡೀಸೆಲನ್ನು ಟ್ಯಾಂಕಿಗೆ ಹೊಯ್ದುಕೊಂಡು ಹೊರಟಿದ್ದಾರೆ. ಜಾಲ್ಸೂರಿಗೆ ಮೊದಲಿನ ಏರಿನಲ್ಲಿ ಲಾರಿ ಎರಡು ಸಲ ಕೆಮ್ಮಿ ನಿಂತಿತು. ಸುಳ್ಯದಿಂದ ಮೆಕ್ಯಾನಿಕ್ ಬಂದು ಫಿಲ್ಟರ್ ಬಿಚ್ಚಿದರೆ ಕಾಗದದ ಮಡಿಕೆಗಳೆಲ್ಲ ಕಂದು ಅಂಟಿನಲ್ಲಿ ಒಂದಕ್ಕೊಂದು ಹಿಡಿದುಕೊಂಡಿದ್ದವು. ಅವರು ಕ್ಯಾನಿನ ಮುಚ್ಚಳ ತೆಗೆದು ನೋಡಿದರು. ಮಾವನ ವಾಷರ್ ಉಬ್ಬಿ, ಕರಗಿ, ಹಲಸಿನ ಮೇಣದ ಹಾಗೆ ನೂಲುನೂಲಾಗಿ ಜೋತುಬಿದ್ದಿತ್ತು.

"ಇದು ಎಂತ ಮಾರಾಯ್ರೆ, ಹಲ್ವವಾ?" ಎಂದು ಮೆಕ್ಯಾನಿಕ್ ನಕ್ಕರಂತೆ. ಶೀಟು ರಬ್ಬರು ಡೀಸೆಲಿನಲ್ಲಿ ನಿಲ್ಲುವುದಿಲ್ಲ, ಅಂಗಡಿಯ ಕಪ್ಪು ವಾಷರ್ ಬೇರೆಯೇ ಜಾತಿ ಎಂದು ಹೇಳಿ, ಅಂಥದ್ದೊಂದನ್ನು ಕೊಟ್ಟರಂತೆ. ಕರಗಿದ ರಬ್ಬರು ಬಟ್ಟೆಯಲ್ಲಿಯೂ ನಿಲ್ಲುವುದಿಲ್ಲವಲ್ಲ, ಸೋಸಿದ್ದೆಲ್ಲ ದಂಡ. ತನ್ನ ಬೆಳೆಯ ಮೇಲೆ ಇಷ್ಟು ಭರವಸೆ ಇಟ್ಟವರು ಮಾತ್ರ ಮಾಡುವ ತಪ್ಪು ಅದು. ರಬ್ಬರು ಬೆಳೆಯದ ಊರಿನವರು ತೆಪ್ಪಗೆ ಅಂಗಡಿಗೆ ಹೋಗುತ್ತಿದ್ದರು.

ನನ್ನ ಗಂಡ ಮನೆಗೆ ಬಂದು ಇಷ್ಟನ್ನೂ ನನಗೆ ಮೆಲ್ಲ ದನಿಯಲ್ಲಿ ಹೇಳಿದರು. "ಮಾವನಿಗೆ ಹೇಳಿ. ಅವರೇನು ಮಗುವಾ?" ಎಂದೆ.

"ಬೇಡ. ಬೇಜಾರು ಮಾಡಿಕೊಳ್ತಾರೆ. ಈಗಷ್ಟೇ ಸರಿಯಾದದ್ದು."

ಮರುದಿನ ಮಾವ ಕ್ಯಾನಿನ ಮುಚ್ಚಳ ತೆಗೆದು ಕಪ್ಪು ವಾಷರ್ ನೋಡಿ, ತನ್ನದು ಎಲ್ಲಿ ಎಂದು ಕೇಳಿದರು. ದಾರಿಯಲ್ಲಿ ಎಲ್ಲೋ ಬಿತ್ತು ಎಂದರು ಮಗ. ಮಾವನಿಗೆ ಸಂತೋಷವೇ ಆಯಿತು. ಇನ್ನೊಂದು ಕತ್ತರಿಸಿ ಕೂರಿಸಿಕೊಟ್ಟರು. ನನ್ನ ಗಂಡ ಲಾರಿ ರಸ್ತೆಯ ತಿರುವು ದಾಟಿದ ಮೇಲೆ ನಿಲ್ಲಿಸಿ, ಅದನ್ನು ತೆಗೆದು, ಕಪ್ಪು ವಾಷರ್ ಹಾಕಿಕೊಂಡು ಹೋದರು. ಮುಂದಿನ ಟ್ರಿಪ್ಪಿನಲ್ಲಿ ಮತ್ತೆ ಹಾಗೆಯೇ. ಪ್ರತಿ ಸಲ ಒಂದೊಂದು ಸಬೂಬು. ಪ್ರತಿ ಸಲ ಮಾವ ಹೊಗೆಮನೆಗೆ ಹೋಗಿ ಒಳ್ಳೆಯ ಶೀಟು ಹುಡುಕಿ ತರುವುದು. ತೆಗೆದದ್ದನ್ನು ಬಿಸಾಡಲು ಇವರಿಗೆ ಮನಸ್ಸು ಬರಲಿಲ್ಲ. ಸ್ಟೇರಿಂಗಿನ ಪಕ್ಕದ ಪೆಟ್ಟಿಗೆಯಲ್ಲಿ ಹಾಕಿಟ್ಟರು. ಬಿಸಾಡಿದ್ದರೆ ಒಳ್ಳೆಯದಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಗೊತ್ತಿಲ್ಲ.

ಒಂದು ಸಂಜೆ ಮಾವ ಮೊಮ್ಮಗಳನ್ನು ಎತ್ತಿಕೊಂಡು ಕ್ಯಾಬಿನ್ನಿಗೆ ಹತ್ತಿದರು, ಸ್ಟೇರಿಂಗ್ ತಿರುಗಿಸಬೇಕೆಂದು ಅವಳ ಹಟ. ಅವಳೇ ಆ ಪೆಟ್ಟಿಗೆ ಎಳೆದು ತೆರೆದದ್ದು. ವಾಷರ್‌ಗಳನ್ನು ಬಳೆ ಎಂದುಕೊಂಡು ಕೈಗೆ ತೊಡಲು ನೋಡುತ್ತಿದ್ದಳು. ಮಾವ ಒಂದೊಂದನ್ನೇ ಬೆರಳಲ್ಲಿ ಹಿಡಿದು, ತಿರುಗಿಸಿ ನೋಡಿದರು. ಅಂಗಳದಲ್ಲಿ ನನ್ನ ಪಕ್ಕ ನಿಂತಿದ್ದ ಮಗನನ್ನು ಕರೆದರು.

"ಇದು ಬಿದ್ದದ್ದೂ ಅಲ್ಲ, ಹಾಳಾದದ್ದೂ ಅಲ್ಲ. ಡೀಸೆಲೇ ತಾಗಲಿಲ್ಲ ಇದಕ್ಕೆ."

ನನ್ನ ಗಂಡ ಎಲ್ಲವನ್ನೂ ಹೇಳಿದರು. ಏರಿನಲ್ಲಿ ನಿಂತದ್ದು, ಫಿಲ್ಟರ್, ಮೆಕ್ಯಾನಿಕ್ಕಿನ ಹಲ್ವದ ತಮಾಷೆ ಕೂಡ. ಮಾವ ಕೇಳಿಸಿಕೊಂಡರು. ಮಗುವನ್ನು ನನ್ನ ಕೈಗೆ ಕೊಟ್ಟು ಇಳಿದರು.

"ಆ ದಿನವೇ ಹೇಳಿದ್ರೆ ನಾನೂ ನೆಗಾಡ್ತಿದ್ದೆ ಮಾರಾಯ" ಎಂದರು. "ಇಷ್ಟು ಸಲ ಕತ್ತರಿಸುವಾಗ ನೋಡಿಕೊಂಡು ನಿಂತಿದ್ದಿಯಲ್ಲ."

ಪ್ರೀತಿಯಿಂದಲೇ ಮುಚ್ಚಿಟ್ಟದ್ದು. ಆದರೆ ಕೇಳುವವರಿಗೆ ಅದು ಮರುಕದಂತೆ ಕೇಳಿಸಿತು. ನನಗೆ ಅಪ್ಪ ಮಗ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನೂ ಕಂಡು ಅಯ್ಯೋ ಅನಿಸಿತು.

ಮುಂದಿನ ಟ್ರಿಪ್ಪಿಗೆ ಮಾವ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಆಲಿಕೆ ಹಿಡಿದರು. "ಮೆಲ್ಲ", "ಸಾಕು", ಅಷ್ಟೇ. ಅದರ ಮುಂದಿನ ಸಲವೂ ಹಾಗೆಯೇ. ಆದರೆ ಮೂರನೆಯ ಸಲ, ಕ್ಯಾನು ಖಾಲಿಯಾದ ಮೇಲೆ ಮಾವ ತಕ್ಷಣ ಒಳಗೆ ಬರಲಿಲ್ಲ. ಲೋಡಿನ ಮರದ ಮೇಲೆ ಕೈಯಾಡಿಸಿದರು. ಅದು ಪಕ್ಕದ ಊರಿನ ತೋಟದ ಮರ. ಟ್ಯಾಪಿಂಗಿನ ಗಾಯಗಳು ಓರೆಯಾಗಿ ಕಾಣುತ್ತಿದ್ದವು.

"ಅಲ್ಲಿ ಫ್ಯಾಕ್ಟರಿಯಲ್ಲಿ ಈ ಮರವನ್ನು ಎಂತ ಮಾಡ್ತಾರೆ?" ಎಂದು ಕೇಳಿದರು.

ಇಷ್ಟು ವರ್ಷಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು. ಕಿಟಕಿಯಲ್ಲಿದ್ದ ನಾನು ಸೌಟು ಕೆಳಗಿಟ್ಟು ಕಿವಿಗೊಟ್ಟೆ. ನನ್ನ ಗಂಡನಿಗೆ ಹೊರಡುವ ಗಡಿಬಿಡಿ, ಹಗ್ಗ ಎಳೆದು ನೋಡುತ್ತಿದ್ದರು.

"ಬಂದು ಹೇಳ್ತೇನೆ ಅಪ್ಪ, ಸುಮಾರು ಉಂಟು ಹೇಳ್ಲಿಕ್ಕೆ" ಎಂದರು. ಮಾವ ತಲೆಯಾಡಿಸಿದರು.

ಆ ಸಲ ಬರುವಾಗ ಲಾರಿ ಪುತ್ತೂರಿನ ವರ್ಕ್‌ಶಾಪಿಗೆ ಹೋಗಿ ತಡವಾಗಿ ಬಂತು. ಕೆಳಗೆ ಹೊಸ ದೊಡ್ಡ ಟ್ಯಾಂಕು. ಇನ್ನು ಖಾಲಿ ಲಾರಿಯಲ್ಲಿ ಬರುವಾಗಲೇ ಗಡಿಯ ಈಚೆಯ ಪಂಪಿನಲ್ಲಿ ಒಮ್ಮೆ ತುಂಬಿಸಿದರೆ ಹೋಗಿ ಬರುವುದಕ್ಕೆಲ್ಲ ಸಾಕು. ಕ್ಯಾನು ಬೇಡ, ಆಲಿಕೆ ಬೇಡ, ವಾಷರ್ ಬೇಡ. ನನ್ನ ಗಂಡನ ಮುಖ ಅರಳಿತ್ತು. ಆಗ ಹೇಳದೆ ಬಿಟ್ಟದ್ದಕ್ಕೆ ಅವರು ಕೇಳಿದ ಕ್ಷಮೆ ಅದು. ಬಾಯಲ್ಲಿ ಹೇಳಬೇಕಾದದ್ದನ್ನು ತಗಡಿನಲ್ಲಿ ಮಾಡಿಸಿಕೊಂಡು ಬಂದಿದ್ದರು. "ಇನ್ನು ಅಪ್ಪನಿಗೆ ಈ ಪ್ರಾಯದಲ್ಲಿ ಬಗ್ಗಿ ನಿಲ್ಲುವ ಕಷ್ಟ ಇಲ್ಲ" ಎಂದು ನನಗೆ ಹೇಳಿದರು. ಮಾವ ಲಾರಿಗೆ ಒಂದು ಸುತ್ತು ಬಂದು ಟ್ಯಾಂಕನ್ನು ಬೆರಳಿನಿಂದ ಬಡಿದು ನೋಡಿದರು.

"ಒಳ್ಳೆ ಕೆಲಸ. ಸುಮಾರು ಹಿಡಿತದೆ ಇದು" ಎಂದು ಮೆಚ್ಚಿ ಒಳಗೆ ಹೋದರು. ನಿಜವಾಗಿಯೂ ಮೆಚ್ಚಿದ್ದರು, ಅದರಲ್ಲಿ ಕೊಂಕು ಇರಲಿಲ್ಲ.

ಮುಂದಿನ ಲೋಡಿನ ದಿನ ಮಾವ ವಾಡಿಕೆಯ ಹೊತ್ತಿಗೆ ಪಂಚೆ ಮೇಲೆ ಕಟ್ಟಿಕೊಂಡು ಅಂಗಳಕ್ಕೆ ಇಳಿದರು. ಲಾರಿ ಆಗಲೇ ಸ್ಟಾರ್ಟ್ ಆಗಿತ್ತು.

"ಬೇಡ ಅಪ್ಪ, ಟ್ಯಾಂಕ್ ಫುಲ್ ಉಂಟು. ನೀವು ಕೂತ್ಕೊಳ್ಳಿ" ಎಂದು ನನ್ನ ಗಂಡ ಕ್ಯಾಬಿನ್ನಿನಿಂದ ಕೂಗಿ ಹೇಳಿದರು, ನಗುತ್ತಲೇ.

"ಓ, ಹೌದಲ್ಲ" ಎಂದರು ಮಾವ. ಲಾರಿಯನ್ನು ನಿಲ್ಲಿಸಿ ಎಂದು ಕೂಗಬೇಕೆಂದು ನನ್ನ ಬಾಯಿವರೆಗೆ ಬಂತು. ಯಾಕೆ ಎಂದು ಕೇಳಿದರೆ ಹೇಳಲು ಒಂದು ಕಾರಣ ನನ್ನ ಹತ್ತಿರ ಇರಲಿಲ್ಲ.

ಈಗ ಇಬ್ಬರಿಗೂ ಮುನಿಸೇನೂ ಇಲ್ಲ. ಊಟವಾಯಿತಾ ಎಂದರೆ ಆಯಿತು, ಮಳೆ ಬರುತ್ತದಾ ಎಂದರೆ ಬರಬಹುದು. ಜೊತೆಯಾಗಿ ನಿಲ್ಲಲು ಮಾತ್ರ ಒಂದು ಕೆಲಸವಿಲ್ಲ. ಮರವನ್ನು ಫ್ಯಾಕ್ಟರಿಯಲ್ಲಿ ಎಂತ ಮಾಡುತ್ತಾರೆಂಬುದನ್ನು ನನ್ನ ಗಂಡ ನನಗೆ ಎಷ್ಟೋ ಸಲ ವರ್ಣಿಸಿದ್ದಾರೆ. ಆವಿಯಲ್ಲಿ ಬೇಯಿಸಿ ಮೆದುವಾಗಿಸಿ, ಮರವನ್ನು ಸುತ್ತಲೂ ಹಾಳೆಹಾಳೆಯಾಗಿ ಸುಲಿದು, ಹಾಳೆಯ ಮೇಲೆ ಹಾಳೆ ಅಂಟಿಸಿ ಒತ್ತುತ್ತಾರಂತೆ. ಬಂದು ಹೇಳುತ್ತೇನೆ ಎಂದಿದ್ದವರು ಅಪ್ಪನಿಗೆ ಮಾತ್ರ ಇನ್ನೂ ಹೇಳಿಲ್ಲ. ಮಾವನಿಗೆ ನಾನೇ ಹೇಳಿಬಿಡಬಹುದು. ಆದರೆ ಮಾವ ಕೇಳಿದ್ದು ನನ್ನನ್ನಲ್ಲ.