ಲಿಂಕರ್ ‘ಆಲು’ ಒಪ್ಪಿಕೊಂಡ ಸಂಜೆ

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ನಾನು ಎಂದೂ ನಂಬಿದವಳಲ್ಲ. ಕಾರಣವಿಲ್ಲದೆ ಏನೂ ನಡೆಯುವುದಿಲ್ಲ, ನಡೆದದ್ದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು ಎಂಬುದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ ಬಂದ ನನ್ನ ಹಟ. ಅಂಥ ನನಗೇ ಒಂದು ವಿಚಿತ್ರ ಅನುಭವವಾಯಿತು. ಓದುಗರು ನಗಬಹುದು; ಅಂದು ನಾವೂ ನಕ್ಕೆವು. ಅಲ್ಲಿ ಕತ್ತಲೆ ಇರಲಿಲ್ಲ, ಹುಣಸೆಮರವೂ ಇರಲಿಲ್ಲ. ಪಾಂಡವಪುರದ ಬಳಿಯ ಹಳ್ಳಿಯೊಂದರ ಹಾಲಿನ ಡೇರಿ, ಬಿಸಿಲು ಇಳಿಯುತ್ತಿದ್ದ ಹೊತ್ತು.

ನನ್ನ ಸೋದರತ್ತೆ ಜವರಮ್ಮ ಹಾಲು ಹಾಕುವುದು ಆ ಡೇರಿಗೆ. ಹಾಲಿನ ಫ್ಯಾಟು, ಎಂದರೆ ಕೊಬ್ಬಿನಂಶ, ಅಳೆಯುವ ಯಂತ್ರದ ಪರದೆ ಕಾರ್ಯದರ್ಶಿ ಶಿವಣ್ಣನವರ ಕಡೆಗೆ ಮಾತ್ರ ತಿರುಗಿತ್ತು. ಅವರ ಬಾಯಿಂದ ಬಂದದ್ದೇ ಫ್ಯಾಟು, ಅದರ ಮೇಲೆಯೇ ಹಾಲಿನ ಬೆಲೆ. ಅಳತೆಯನ್ನು ಕಣ್ಣಾರೆ ನೋಡುವುದು ಹಾಲು ಹಾಕುವವರ ಹಕ್ಕು ಎಂದು ನಾನು ಹೋಗಿ ಜಗಳವಾಡಿದೆ. ಹಾಲು ಹಾಕುವವರ ಕಡೆಗೂ ಒಂದು ಪರದೆ ಇಟ್ಟು, ಕನ್ನಡದಲ್ಲಿ ಅಳತೆ ತೋರಿಸುವ ತಂತ್ರಾಂಶವನ್ನು ನಾವೇ ಮಾಡಿಕೊಡುತ್ತೇವೆ ಎಂದೆ. ಆಡಳಿತ ಮಂಡಳಿ ಒಂದು ಸಂಜೆಯನ್ನು ಗೊತ್ತುಮಾಡಿತು. ಅಂದು ಓಡಿಸಿ ತೋರಿಸಿದರೆ ಪರದೆ ಉಳಿಯುತ್ತದೆ. ಇಲ್ಲವಾದರೆ ಈ ಮಾತನ್ನು ಮತ್ತೆ ಎತ್ತುವಂತಿಲ್ಲ.

ಯಂತ್ರದಿಂದ ಅಳತೆ ಓದುವ ಭಾಗವನ್ನು ಬರೆದವನು ನನ್ನ ಸಹಪಾಠಿ ನಾಗೇಶ, ಕೆ.ಆರ್. ಪೇಟೆ ಕಡೆಯವನು. ಅದನ್ನು ಪರದೆಗೆ ತರುವ ಭಾಗವನ್ನು ನಾನು ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಕುಳಿತು ಬರೆದೆ. ಇಬ್ಬರ ಲ್ಯಾಪ್‌ಟಾಪುಗಳನ್ನೂ ನಡೆಸುತ್ತಿದ್ದ ವ್ಯವಸ್ಥೆ ಲಿನಕ್ಸ್. ಬಿಡಿಬಿಡಿಯಾಗಿ ಎರಡೂ ಚೆನ್ನಾಗಿಯೇ ಓಡಿದ್ದವು. ಡೇರಿಯ ಕಂಪ್ಯೂಟರಿನಲ್ಲಿ ಇದ್ದದ್ದು ಬೇರೆಯದು, ವಿಂಡೋಸ್. ಎರಡು ಭಾಗಗಳು ಮೊದಲ ಬಾರಿಗೆ ಒಂದಾಗಬೇಕಾಗಿದ್ದುದು ಅಲ್ಲಿಯೇ, ಆ ಸಂಜೆಯೇ.

ಮೊದಲು ಕೈಕೊಟ್ಟದ್ದು ಕಂಪೈಲರ್, ಎಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ. ಲಿನಕ್ಸಿನಲ್ಲಿ ಮಾತ್ರ ಸಿಗುವ ಕಡತವೊಂದನ್ನು ಅದು ವಿಂಡೋಸಿನಲ್ಲಿ ಹುಡುಕುತ್ತಿತ್ತು. ಅದನ್ನು ಸರಿಪಡಿಸಿದ ಮೇಲೆ ಲಿಂಕರ್ ಅಡ್ಡ ನಿಂತಿತು. ತಿರುಗಿಸಿದ ತುಂಡುಗಳನ್ನು ಹೆಸರು ಹಿಡಿದು ಜೋಡಿಸುವುದು ಲಿಂಕರ್‌ನ ಕೆಲಸ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಅದು ಒಪ್ಪುವುದಿಲ್ಲ. ಯಾರ ಮುಲಾಜಿಗೂ ಬೀಳುವುದಿಲ್ಲ. ಆ ನಿಷ್ಠುರತೆಗಾಗಿಯೇ ನನಗೆ ಅದರ ಮೇಲೆ ಗೌರವ. ನನ್ನ ಭಾಗವು ನಾಗೇಶನ ಭಾಗದಿಂದ ಅಳತೆ ಕೇಳಿ ಪಡೆಯಬೇಕಾಗಿದ್ದ ‘ಹಾಲು_ತೋರಿಸು’ ಎಂಬ ಹೆಸರಿನದು ಎಲ್ಲಿಯೂ ಇಲ್ಲ ಎಂದು ಅದು ಮತ್ತೆ ಮತ್ತೆ ಹೇಳಿತು.

“ಅದೆ ಕಣಮ್ಮಿ, ನಾನೇ ಬರ್ದಿವ್ನಿ!” ಎಂದು ನಾಗೇಶ ರೇಗಿದ. ಜೋಡಿಸುವ ಕ್ರಮ ಬದಲಿಸಿದೆವು. ಹಳೆಯದೇನಾದರೂ ಉಳಿದಿದೆಯೇ ಎಂದು ಕಟ್ಟಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಕಟ್ಟಿದೆವು. ಅದೇ ದೂರು. ಹೊರಗೆ ಕ್ಯಾನುಗಳು ಸಾಲುಗಟ್ಟತೊಡಗಿದವು. ಶಿವಣ್ಣನವರು ನಮ್ಮ ಪರದೆಯ ತಂತಿಯನ್ನು ಆಗಲೇ ಸುತ್ತಿಡಲು ನೋಡುತ್ತಿದ್ದರು.

“ನಿನ್ನ ಕಡತದಲ್ಲಿರೋ ಹೆಸರನ್ನ ಓದು” ಎಂದೆ.

“ಆಲು ತೋರ್ಸು.”

ಅದು ಅವನ ಮಾತಿನ ರೀತಿ ಎಂದುಕೊಂಡು ಇಣುಕಿ ನೋಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಅವನು ಬರೆದದ್ದೂ ‘ಆಲು’ ಎಂದೇ. ಕೆ.ಆರ್. ಪೇಟೆಯ ನಾಲಿಗೆ ಹಕಾರವನ್ನು ನುಂಗಿದ್ದು ಸಾಲದೆಂದು ಬೆರಳುಗಳೂ ನುಂಗಿದ್ದವು! ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಸಾಲಿನ ಮೊದಲಿಗಳಾದ ಅತ್ತೆ ಕ್ಯಾನು ಕೆಳಗಿಟ್ಟು ಒಳಗೆ ಬಂದಳು. “ಏನ್ ಮಗ, ಇನ್ನೂ ಕೂಡ್ಲಿಲ್ವಾ ನಿಮ್ ಮಿಸನ್ನು?”

“ಇವ್ಳು ಹಾಲು ಅಂತಾಳೆ, ನಾನು ಆಲು ಅಂತೀನಿ. ಅದು ಒಪ್ತಾ ಇಲ್ಲ ಕಣತ್ತೆ” ಎಂದ ನಾಗೇಶ.

ಅತ್ತೆ ಕಂಪ್ಯೂಟರಿನ ನೆತ್ತಿಯ ಮೇಲೆ ಅಂಗೈಯಿಟ್ಟು, ಒದೆಯುವ ಹಸುವನ್ನು ಸಮಾಧಾನಪಡಿಸುವಂತೆ ತಟ್ಟಿದಳು. “ಆಲು ಅಂದ್ರೂ ಅಸ ಕೊಡದು ಅದ್ನೇ ಅಲ್ವೇನ್ಲಾ? ಒಪ್ಕೊಂಡ್ಬುಡು ಅತ್ಲಾಗೆ.”

ತಮಾಷೆಗೆಂದೇ, ಒಂದಕ್ಷರವನ್ನೂ ತಿದ್ದದೆ, ನಾಗೇಶ ಆಜ್ಞೆಯನ್ನು ಇನ್ನೊಮ್ಮೆ ಒತ್ತಿದ. ಲಿಂಕರ್ ತಕರಾರಿಲ್ಲದೆ ಮುಗಿಸಿತು.

ನಾವು ಮುಖ ಮುಖ ನೋಡಿಕೊಂಡೆವು. ಯೋಚಿಸಲು ಸಮಯವಿರಲಿಲ್ಲ. ಪರದೆಯನ್ನು ಸಾಲಿನ ಕಡೆಗೆ ತಿರುಗಿಸಿದೆ. ಅತ್ತೆಯ ಹಾಲಿನ ಫ್ಯಾಟು, ಅವಳು ಅದುವರೆಗೆ ಕೇಳಿರದಷ್ಟು ಹೆಚ್ಚಾಗಿ, ಕನ್ನಡದ ಅಂಕಿಗಳಲ್ಲಿ ಮೂಡಿತು. ಅವಳು ಅದನ್ನು ಸಾಲಿನ ಕೊನೆಯವರಿಗೂ ಕೇಳುವಂತೆ ಕೂಗಿ ಓದಿದಳು. “ನನ್ ಅಸಿನ್ ಆಲು ಇದ್ದಕ್ಕಿದ್ದಂಗೆ ಗಟ್ಟಿಯಾಗೋಯ್ತಾ ಸಿವಣ್ಣ?” ಎಂದಾಗ ಎದ್ದ ನಗುವಿನಲ್ಲಿ ಶಿವಣ್ಣನವರ ಉತ್ತರ ಕೇಳಿಸಲಿಲ್ಲ.

ಮರುದಿನ ಅದೇ ಕಡತಗಳನ್ನು ಅದೇ ಕಂಪ್ಯೂಟರಿನಲ್ಲಿ ಕಟ್ಟಿದೆವು. ‘ಹಾಲು_ತೋರಿಸು’ ಎಲ್ಲಿಯೂ ಇಲ್ಲ ಎಂದಿತು ಲಿಂಕರ್. ಲಿನಕ್ಸಿನಲ್ಲಿಯೂ ಅದೇ ಉತ್ತರ. ಹಿಂದಿನ ಸಂಜೆ ಓಡಿದ್ದನ್ನು ಬಿಚ್ಚಿ ನೋಡಿದರೆ ಅದರೊಳಗೆ ಇದ್ದದ್ದು ‘ಆಲು’ ಮಾತ್ರ. ಗಡಿಬಿಡಿಯಲ್ಲಿ ತಿದ್ದಿ ಮರೆತಿರುತ್ತೀರಿ ಎಂದು ಬಲ್ಲವರು ಹೇಳಿದರು. ತಿದ್ದಿದ ಗುರುತು ಕಡತಗಳಲ್ಲಿ ಎಲ್ಲಿಯೂ ಇಲ್ಲ. ಆಮೇಲೆ ಹೆಸರನ್ನು ಸರಿಪಡಿಸಿ ಕಟ್ಟಿದ ಹೊಸದನ್ನೇ ಡೇರಿಗೆ ಹಾಕಿದೆವು. ಇಂದಿಗೂ ಓಡುತ್ತಿರುವುದು ಅದೇ. ಆದರೆ ಪರದೆಯನ್ನು ಉಳಿಸಿಕೊಟ್ಟದ್ದು ಆ ಮೊದಲನೆಯದು.

ಇದನ್ನೆಲ್ಲ ಮುಚ್ಚಿಡುವುದು ಸರಿಯಲ್ಲವೆಂದು ಡೇರಿಯ ಮುಂದಿನ ಸಭೆಯಲ್ಲಿ ನಾನೇ ಹೇಳಿದೆ. ಶಿವಣ್ಣನವರು ಎದ್ದು ನಿಂತರು. “ಎಲ್ಲಾರ್ನೂ ಕಾರಣ ಕೇಳ್ತೀಯಲ್ಲವ್ವ, ಈಗ ನೀನೇಳು. ಅವತ್ತು ಅದೆಂಗೆ ಓಡ್ತು?”

ಸಭೆ ನನ್ನತ್ತ ತಿರುಗಿತು. ಉತ್ತರ ಕೊಡಲೇಬೇಕು ಎಂದು ಊರಿಗೆಲ್ಲ ಹೇಳುವವಳು ನಾನು.

“ಗೊತ್ತಿಲ್ಲ” ಎಂದೆ.

ಅತ್ತೆ ಕುಳಿತಲ್ಲಿಂದಲೇ ಕೂಗಿದಳು: “ಕೇಳಿಸ್ತಾ ಸಿವಣ್ಣ? ಗೊತ್ತಿಲ್ಲ ಅಂದ್ಳು. ಇಷ್ಟ್ ವರ್ಸದಲ್ಲಿ ಒಂದಿನಾನಾರ ನಿನ್ ಬಾಯಲ್ಲಿ ಆ ಮಾತು ಬಂದದಾ?”

ಪರದೆ ಇಂದಿಗೂ ಸಾಲಿನ ಕಡೆಗೇ ತಿರುಗಿದೆ. ನನ್ನ ಉತ್ತರವೂ ಇಂದಿಗೂ ಅದೇ.