ಅನುಬಂಧಕ್ಕೊಂದು ದೋಣಿ

ನಮ್ಮ ಕಚೇರಿಯಲ್ಲಿ ದೊಡ್ಡಕ್ಕ ಎಂದರೆ ಹಿರಿಯ ಗುಮಾಸ್ತರು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇರಬಹುದು, ಯಾರೂ ನೋಡಿದವರಿಲ್ಲ. ಸರ್ಕಾರ ಯಾವ ಆಯೋಗ ಕೂರಿಸಲಿ, ಆ ಆಯೋಗ ಏನೇ ಶಿಫಾರಸು ಮಾಡಲಿ, ಬಂದರು ಇಲಾಖೆಯ ಪರವಾಗಿ ಉತ್ತರ ಬರೆಯುವುದು ಅವರೇ. ಆ ಉತ್ತರಗಳಲ್ಲಿ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನಿರ್ದೇಶಕರು ಬದಲಾಗುತ್ತಾರೆ, ಫ್ಯಾನು ಬದಲಾಗುತ್ತದೆ, ದೊಡ್ಡಕ್ಕ ಮಾತ್ರ ಕಿಟಕಿಯ ಪಕ್ಕದ ಅದೇ ಕುರ್ಚಿಯಲ್ಲಿ ಕೂತು ಇಡೀ ಸಮುದ್ರವನ್ನು 'ಪರಿಶೀಲನೆಯಲ್ಲಿದೆ' ಎಂಬ ಒಂದು ಪದದಲ್ಲಿ ಮಲಗಿಸುತ್ತಾರೆ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಆ ಪ್ರಸ್ತಾವನೆಯೂ ಪರಿಶೀಲನೆಯಲ್ಲಿದೆ ಕಣಪ್ಪ" ಎನ್ನುತ್ತಾರೆ. ಹಾಗೆ ಹೇಳುತ್ತಲೇ ಕೂದಲು ಬೆಳ್ಳಗಾಗಿದೆ.

ಅವರ ಎದುರು ಮೇಜು ನನ್ನದು. ನಾನು ಗುತ್ತಿಗೆ ಸಹಾಯಕ. ಹಾಲಿನ ಪ್ಯಾಕೆಟ್ಟಿನ ಹಾಗೆ ಮೈಮೇಲೆ ಮುಗಿಯುವ ದಿನಾಂಕ ಬರೆಸಿಕೊಂಡೇ ಬಂದವನು. ಸಾಗರ ವಿಜ್ಞಾನದಲ್ಲಿ ಪದವಿ ಇದೆ. ಲಿಫ್ಟು ಹತ್ತಿದರೂ ಹೊಟ್ಟೆ ತೊಳಸುವವನಿಗೆ ಆ ಪದವಿ ಕೊಟ್ಟವರ ಧೈರ್ಯವನ್ನು ಮೆಚ್ಚಬೇಕು. ರಾಷ್ಟ್ರೀಯ ಸಾಗರ ನೀತಿ ಆಯೋಗದ ವರದಿ ಬಂದಾಗ ಇಲಾಖೆ ನನ್ನ ಪಾಂಡಿತ್ಯವನ್ನು ಗುರುತಿಸಿ ಕೈಗೆ ಕತ್ತರಿ ಮತ್ತು ಗೋಂದು ಕೊಟ್ಟಿತು.

ನಮ್ಮಲ್ಲಿ ಕೆಲಸ ನಡೆಯುವುದೇ ಹಾಗೆ. ವರದಿಯ ಒಂದೊಂದು ಶಿಫಾರಸನ್ನೂ ಕತ್ತರಿಸಿ, ಚೀಟಿ ಮಾಡಿ, ಮೇಜು ಮೇಜಿಗೆ ಹಂಚಬೇಕು. ಯಾರ ಮೇಜಿನ ಮೇಲೆ ಚೀಟಿ ಇದೆಯೋ ಅವರು ಉತ್ತರ ಬರೆಯಬೇಕು. ಹಾಗಾಗಿ ಎಲ್ಲರೂ ಪಕ್ಕದವರು ಕಾಫಿಗೆ ಏಳುವುದನ್ನೇ ಕಾಯುತ್ತಿರುತ್ತಾರೆ. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಹೂಳೆತ್ತುವುದು, ಹವಳ ಉಳಿಸುವುದು, ಎಣ್ಣೆ ಸೋರಿಕೆ, ಎಲ್ಲವೂ ನನ್ನ ಮೇಜಿನ ಮೇಲಿರುತ್ತಿದ್ದವು.

"ಹೊಸಬನ ಮೇಜು ಅಂದ್ರೆ ತಿಪ್ಪೆ ಕಣೋ. ಎಲ್ಲ ಅಲ್ಲಿಗೇ ಬಂದು ಬೀಳುತ್ತೆ" ಎಂದು ದೊಡ್ಡಕ್ಕ ನಗುತ್ತಿದ್ದರು.

ಒಂದು ಚೀಟಿಯನ್ನು ಮಾತ್ರ ಅವರೇ ಎದ್ದು ಬಂದು ನನ್ನ ರಾಶಿಯಿಂದ ಎತ್ತಿಕೊಂಡರು. 'ಪ್ರತಿ ಬಂದರಿನಲ್ಲೂ ಸುಸ್ಥಿತಿಯ ರಕ್ಷಣಾ ದೋಣಿ ಇರಬೇಕು. ಹಳೆಯದನ್ನು ಕೂಡಲೇ ಬದಲಿಸಬೇಕು' ಎಂದಿತ್ತು ಅದರಲ್ಲಿ. ಚೀಟಿಯನ್ನು ತಳ್ಳುವವರನ್ನು ಕಂಡಿದ್ದೆ, ಕೇಳಿ ಪಡೆದವರನ್ನು ಕಂಡಿರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ನಮ್ಮ ಬಂದರಿನ ರಕ್ಷಣಾ ದೋಣಿ ಓಡಿಸುವವನು ಅವರ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಹಾಲುಹಲ್ಲು. ಸಾಕಿದ್ದು, ಓದಿಸಿದ್ದು, ಓದು ಹತ್ತದಿದ್ದಾಗ ಬಂದರಿನ ಕೆಲಸಕ್ಕೆ ಸೇರಿಸಿದ್ದು, ಎಲ್ಲಾ ಅಕ್ಕನೇ. ಆಗಾಗ ಮಧ್ಯಾಹ್ನ ಡೀಸೆಲ್ ವಾಸನೆ ಹೊತ್ತುಕೊಂಡು ಬಂದು ಅಕ್ಕನ ಊಟದ ಡಬ್ಬಿಗೆ ಕೈ ಹಾಕುತ್ತಿದ್ದ.

"ಅಕ್ಕ, ನನ್ನ ಎಂಜಿನ್ನಿಗೆ ನನಗಿಂತ ಜೋರು ಕೆಮ್ಮು."

"ಮೊದಲು ನೀನು ಸಿಗರೇಟು ಬಿಡು."

"ನಾನು ಬಿಟ್ರೆ ಅದು ಬಿಡುತ್ತಾ? ಮೊನ್ನೆ ಕಲ್ಲುಗೋಡೆ ಹತ್ರ ನಿಂತೇ ಹೋಯ್ತು. ಮುಳುಗೋರನ್ನ ಎಳ್ಕೊಂಡು ಬರೋಕೆ ಹೋದ ನನ್ನನ್ನ ಮೀನುಗಾರರು ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು. ಬಂದರಿಗೆ ಬಂದರೇ ನಗ್ತಾ ಇದೆ."

ನಾನೂ ನಕ್ಕೆ. ದೊಡ್ಡಕ್ಕ ನಗಲಿಲ್ಲ. ಕಲ್ಲುಗೋಡೆ ಎಂದರೆ ಬಂದರಿನ ಬಾಯಲ್ಲಿ ಅಲೆ ತಡೆಯಲು ಹಾಕಿದ ಬಂಡೆಗಳ ಸಾಲು. ಎಂಜಿನ್ ನಿಂತ ದೋಣಿಯನ್ನು ಅಲೆ ಒಯ್ದು ಒಗೆಯುವುದು ಅದರ ಮೇಲಕ್ಕೇ.

ಆ ಸಂಜೆ ಅವರು ಬರೆದ ಉತ್ತರವನ್ನು ಟೈಪು ಮಾಡಲು ಕೊಟ್ಟಾಗ ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. 'ಸುಸ್ಥಿತಿಯ ದೋಣಿ ಇಲ್ಲ. ಇರುವುದರ ಎಂಜಿನ್ ನಡುನೀರಿನಲ್ಲಿ ನಿಲ್ಲುತ್ತದೆ. ಜನ ಸಾಯುವ ಮೊದಲು ಬದಲಿಸಬೇಕು.'

ನಿರ್ದೇಶಕರು ಇಬ್ಬರನ್ನೂ ಕರೆಸಿದರು. ಕೆಟ್ಟ ಮನುಷ್ಯರಲ್ಲ. ಹೊಟ್ಟೆಹುಣ್ಣಿನ ಮಾತ್ರೆ ನುಂಗುತ್ತಾ ಮಾತಾಡುವವರು.

"ಏನ್ರೀ ದೊಡ್ಡಕ್ಕ, ನೀವೂ ಹೀಗಾ? ಇಲ್ಲ ಅಂದ್ರೆ ಇಷ್ಟು ವರ್ಷ ಯಾಕಿರಲಿಲ್ಲ ಅಂತ ಕೇಳ್ತಾರೆ. ಹೋದ ಆಯೋಗಕ್ಕೆ 'ಇದೆ' ಅಂತ ಬರೆದವರು ಯಾರು?"

ಬರೆದವರು ದೊಡ್ಡಕ್ಕನೇ. ಅವರ ಮುಖ ಬಿಳಿಚಿತು. "ಆಗ ಬರೆದಿದ್ದು ತಪ್ಪು, ಸರ್. ಅದಕ್ಕೇ ಈಗ..."

"ದೋಣಿ ಇದೆ ತಾನೇ? ತೇಲುತ್ತೆ ತಾನೇ? ಹಾಗಾದ್ರೆ 'ಈಗಾಗಲೇ ಜಾರಿಯಲ್ಲಿದೆ'. ಈ ಸಲ ಅವರು ಪುರಾವೆ ಬೇರೆ ಕೇಳಿದ್ದಾರೆ, ಅನುಬಂಧದಲ್ಲಿ ಹಾಕಬೇಕಂತೆ. ನಾಳೆ ಬೆಳಿಗ್ಗೆ ಒಂದು ಫೋಟೋ ತೆಗೆಸಿ. ಕಟ್ಟೆಗೆ ಕಟ್ಟಿ ಹಾಕಿರೋದಲ್ಲ, ಹೊರಗಡೆ ಓಡ್ತಾ ಇರೋದು. ಅಲೆ ಗಿಲೆ ಚೆನ್ನಾಗಿ ಕಾಣಲಿ."

"ಗಾಳಿ ಜೋರಾಗಿದೆ ಸರ್. ಎರಡು ದಿನ ತಡೆದು..."

"ಗಾಳಿ ಇಲ್ಲದಾಗ ರಕ್ಷಣಾ ದೋಣಿ ಯಾಕ್ರೀ ಬೇಕು?" ಎಂದು ನಕ್ಕರು. ನನ್ನ ಗುತ್ತಿಗೆಯ ಕಡತ ಅವರ ಸಹಿಗೆ ಕಾದಿತ್ತು. ನನ್ನ ಬಾಯಿಯೂ ಅರ್ಧ ನಕ್ಕಿತು.

ಮರುದಿನ ಕಚೇರಿಗೆ ಬರುತ್ತಲೇ ದೊಡ್ಡಕ್ಕ ತಮ್ಮನಿಗೆ ಫೋನ್ ಮಾಡಿದರು. "ಹುಷಾರಿಲ್ಲ ಅಂತ ಹೇಳಿ ಮಲಗಿಬಿಡೋ."

ಅವನ ದನಿ ನನ್ನ ಮೇಜಿನವರೆಗೂ ಕೇಳಿಸುವಷ್ಟು ದೊಡ್ಡದು. "ಆದೇಶ ಬಂದಾಯ್ತಲ್ಲ ಅಕ್ಕ. ಗೋಡೆ ದಾಟಿ ಒಂದು ಸುತ್ತು, ಅಷ್ಟೇ. ಫೋಟೋಕ್ಕೆ ಅಂತ ತಲೆ ಬಾಚ್ಕೊಂಡಿದ್ದೀನಿ. ಜೀವಮಾನದಲ್ಲಿ ಮೊದಲ ಸಲ!"

"ತಮಾಷೆ ಸಾಕು. ಬೇಡ ಅಂದ್ನಲ್ಲ!"

"ನೀನೂ ಆದೇಶ ಹೊರಡಿಸ್ತೀಯಾ? ಯಾವುದನ್ನ ಅಂತ ಪಾಲಿಸಲಿ?" ಎಂದು ನಗುತ್ತಲೇ ಫೋನ್ ಇಟ್ಟ.

ಮುಂದಿನದನ್ನು ನಾನು ಕಂಡಿಲ್ಲ. ಫೋಟೋ ತೆಗೆದವನು ಹೇಳಿದ್ದು. ದೋಣಿ ಗೋಡೆ ದಾಟಿ ತಿರುಗಿತು. ಹೇಳಿಕೊಟ್ಟಂತೆ ಅವನು ಕೈ ಎತ್ತಿ ಬೀಸಿದ. ಚಿತ್ರ ಸಿಕ್ಕಿತು. ಆಮೇಲೂ ಅವನು ಕೈ ಬೀಸುತ್ತಲೇ ಇದ್ದ. ಇನ್ನೊಂದು ಫೋಟೋ ಬೇಕೇನೋ ಎಂದು ಇವನು ಮತ್ತೊಂದು ತೆಗೆದ. ಎಂಜಿನ್ನಿನ ಸದ್ದು ಇಲ್ಲ ಎಂಬುದು ಹೊಳೆಯುವಷ್ಟರಲ್ಲಿ ಅಲೆ ದೋಣಿಯನ್ನು ಬಂಡೆಗಳ ಹತ್ತಿರ ತಂದಿತ್ತು. ಕಟ್ಟೆಯ ಮೇಲಿದ್ದವರು ರಕ್ಷಣಾ ದೋಣಿಗೆ ಫೋನ್ ಮಾಡಿ ಎಂದು ಕೂಗಿಕೊಂಡರು. ಯಾರೋ ಮಾಡಿಯೂ ಮಾಡಿದರು. ಆ ಫೋನ್ ಇದ್ದದ್ದು ಅವನ ಜೇಬಿನಲ್ಲಿ.

ದೇಹ ಸಂಜೆ ಸಿಕ್ಕಿತು. ನಿರ್ದೇಶಕರು ಹೋಗಿ ನಿಂತಿದ್ದರು, ಅತ್ತರು ಕೂಡ. ಮರಳಿ ಬಂದು, ಅಚ್ಚಿಗೆ ಹೋಗಬೇಕಾದ ಪುಟಗಳನ್ನು ನನ್ನ ಮುಂದಿಟ್ಟು, ನನ್ನ ಮುಖ ನೋಡದೆ, "ಫೋಟೋ ತೆಗೆದ ಹೊತ್ತಿಗೆ ದೋಣಿ ಓಡ್ತಾ ಇತ್ತಲ್ವಾ?" ಎಂದರು. ಗೋಂದಿನ ಡಬ್ಬಿ ನನ್ನ ಮೇಜಿನ ಮೇಲೆಯೇ ಇತ್ತು. ಸಾಗರ ವಿಜ್ಞಾನದ ಪದವೀಧರ ಅಂಚು ಸರಿಮಾಡಿ ನೀಟಾಗಿ ಅಂಟಿಸಿದ.

ದೊಡ್ಡಕ್ಕ ಕೆಲಸಕ್ಕೆ ಮರಳಿದ ವಾರವೇ ಉತ್ತರದ ಪುಸ್ತಕ ರಟ್ಟು ಕಟ್ಟಿಸಿಕೊಂಡು ಬಂತು. ಯಾರೂ ಅವರಿಗೆ ತೋರಿಸಲಿಲ್ಲ, ಅವರೇ ಎತ್ತಿಕೊಂಡರು. 'ಈಗಾಗಲೇ ಜಾರಿಯಲ್ಲಿದೆ. ಅನುಬಂಧದ ಚಿತ್ರ ನೋಡಿ.' ಹಿಂದಕ್ಕೆ ಮಗುಚಿ ನೋಡಿದರು. ತಲೆ ಬಾಚಿಕೊಂಡ ತಮ್ಮ ಕೈ ಎತ್ತಿದ್ದ.

"ಕತ್ತರಿ ಕೊಡೋ."

ಕೊಟ್ಟೆ. ದೋಣಿಯನ್ನೂ ಅಲೆಯನ್ನೂ ಬಿಟ್ಟು ಅವನೊಬ್ಬನನ್ನೇ, ಎತ್ತಿದ ಕೈಯ ಬೆರಳು ತುಂಡಾಗದ ಹಾಗೆ, ನಿಧಾನವಾಗಿ ಸುತ್ತ ಕತ್ತರಿಸಿ ತೆಗೆದರು. ಊಟದ ಡಬ್ಬಿ ತೆರೆದರು. ಅದು ತೊಳೆದು ಒಣಗಿತ್ತು. ಒಳಗಿಟ್ಟು ಮುಚ್ಚಿದರು.

ಕಡತದ ಪ್ರತಿ ಹಾಳಾಗಿದೆ ಎಂದು ದಾಸ್ತಾನು ವಿಭಾಗದಿಂದ ವಿವರಣೆ ಕೇಳಿ ನೋಟಿಸು ಬಂತು. ನಿರ್ದೇಶಕರೇ ನಮ್ಮ ಮೇಜಿನವರೆಗೆ ನಡೆದು ಬಂದು, "ಇಲಿ ಕಡಿದಿದೆ ಅಂತ ಬರೆದುಬಿಡಿ ದೊಡ್ಡಕ್ಕ, ನಾನು ಸಹಿ ಹಾಕ್ತೀನಿ" ಎಂದರು.

ದೊಡ್ಡಕ್ಕ ಬರೆದರು: 'ನಾನೇ ಕತ್ತರಿಸಿದೆ. ಅದರಲ್ಲಿದ್ದವನು ನನ್ನ ತಮ್ಮ. ಬಂದರಿನಲ್ಲಿ ದೋಣಿ ಇಲ್ಲ.'

ಆ ಕಾಗದ ಯಾವ ಯಾವ ಮೇಜಿಗೆ ಹೋಯಿತೋ ಗೊತ್ತಿಲ್ಲ. ನಿನ್ನೆ ಕಾಫಿ ಕುಡಿದು ಬಂದಾಗ ನನ್ನ ಮೇಜಿನ ಮೇಲಿತ್ತು. ಉತ್ತರ ಬರೆಯಬೇಕಾದವನು ನಾನು. ಎದುರಿಗೆ ದೊಡ್ಡಕ್ಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಾರೆ. ಪಕ್ಕದ ಮೇಜಿನವರು ಆಗಲೇ ಕಾಫಿಗೆ ಎದ್ದುಹೋಗಿದ್ದಾರೆ. ಅವರ ಮೇಜು ಖಾಲಿ ಇದೆ. ಕಾಗದ ಇನ್ನೂ ನನ್ನ ಕೈಯಲ್ಲೇ ಇದೆ.